ಓಟಿನಲ್ಲಿ ಕುರ್ಚಿ ಕಳೆದುಕೊಂಡ ಮುಖ್ಯ ನ್ಯಾಯಮೂರ್ತಿ

ಪ್ರಶ್ನೆ: ಅಮೆರಿಕದಲ್ಲಿ ರಾಜ್ಯಕ್ಕೊಂದು ಸುಪ್ರೀಂ ಕೋರ್ಟ್ ಇದೆಯಂತೆ. ಅಲ್ಲಿನ ನ್ಯಾಯಮೂರ್ತಿಗಳನ್ನು ಜನ ಓಟು ಹಾಕಿ ಮನೆಗೆ ಕಳಿಸಬಹುದೇ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಳಿಸಬಹುದು, ಕಳಿಸಿದ್ದೂ ಉಂಟು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಏಳು ನ್ಯಾಯಮೂರ್ತಿಗಳು. ಹತ್ತು ವರ್ಷ ವಕೀಲಿಕೆ ಮಾಡಿದ್ದರೆ ಸಾಕು, ಮೊದಲೇ ಜಡ್ಜ್ ಆಗಿರಬೇಕೆಂದಿಲ್ಲ. ಜನರಿಂದ ಆಯ್ಕೆಯಾದ ಗವರ್ನರ್ ಹೆಸರು ಸೂಚಿಸುತ್ತಾರೆ, ಮೂವರ ಆಯೋಗ ಒಪ್ಪಬೇಕು. ಮುಂದಿನ ಗವರ್ನರ್ ಚುನಾವಣೆಯಲ್ಲಿ ಆ ಹೆಸರು ಮತಪತ್ರಕ್ಕೆ ಬರುತ್ತದೆ. ಎದುರಾಳಿ ಇಲ್ಲ, ಇರಲಿ ಅಥವಾ ಬೇಡ ಎಂದಷ್ಟೇ ಮತ. ಪೂರ್ಣ ಅವಧಿ 12 ವರ್ಷ.

ಹೀಗೆ ಓಟಿನಲ್ಲಿ ಸೋತವರು ರೋಸ್ ಬರ್ಡ್. ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲೆಯಾಗಿದ್ದವರು, ಆಮೇಲೆ ಗವರ್ನರ್ ಜೆರ‍್ರಿ ಬ್ರೌನ್ ಸಂಪುಟದಲ್ಲಿ ಕೃಷಿ ಖಾತೆ ನೋಡಿಕೊಂಡವರು. 1977ರಲ್ಲಿ ಬ್ರೌನ್ ಅವರೇ ಬರ್ಡ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಆ ಕೋರ್ಟಿಗೆ ಬಂದ ಮೊದಲ ಮಹಿಳೆ ಅವರೇ. ಆಯೋಗದ ಒಪ್ಪಿಗೆ ಸಿಕ್ಕಿದ್ದು 2–1ರಲ್ಲಿ. 1978ರ ಮತದಾನದಲ್ಲಿ ಕಷ್ಟಪಟ್ಟು ಉಳಿದುಕೊಂಡರು.

ಮುಂದೆ ತಮ್ಮೆದುರು ಬಂದ ಅರವತ್ತಕ್ಕೂ ಹೆಚ್ಚು ಮರಣದಂಡನೆ ಪ್ರಕರಣಗಳಲ್ಲಿ ಒಂದರಲ್ಲೂ ಅವರು ಶಿಕ್ಷೆ ಎತ್ತಿಹಿಡಿಯಲಿಲ್ಲ. ಪ್ರಚಾರಕ್ಕೆ ಆ ಸಂಖ್ಯೆಯೊಂದೇ ಸಾಕಾಯಿತು. ಕಾರಣಗಳನ್ನು ಓದುವ ಸಹನೆ ಯಾರಿಗಿತ್ತು? ಒಂದನ್ನು ನೋಡಿ: ದರೋಡೆಯಂಥ ಅಪರಾಧದ ನಡುವೆ ಸಾವಾದರೆ, ಮರಣದಂಡನೆಗೆ ಕೊಲ್ಲುವ ಉದ್ದೇಶ ಸಾಬೀತಾಗಬೇಕೋ ಬೇಡವೋ ಎಂಬುದು 1978ರ ಕಾನೂನಿನಲ್ಲಿ ಸ್ಪಷ್ಟವಿರಲಿಲ್ಲ. ಬೇಕು ಎಂದು ಕೋರ್ಟ್ 1983ರಲ್ಲಿ ಹೇಳಿತು. ಜ್ಯೂರಿಗೆ (ವಿಚಾರಣೆಯಲ್ಲಿ ನಿರ್ಧಾರ ಹೇಳುವ ಜನಸಾಮಾನ್ಯರ ತಂಡಕ್ಕೆ) ಹಾಗೆಂದು ತಿಳಿಸದೆ ಕೊಟ್ಟಿದ್ದ ಶಿಕ್ಷೆಗಳು ಬಿದ್ದುಹೋದವು. ಶಿಕ್ಷೆ ಬಿತ್ತೆಂದರೆ ಬಿಡುಗಡೆಯಲ್ಲ, ಸಾಮಾನ್ಯವಾಗಿ ಮರುವಿಚಾರಣೆ. ನಾಲ್ಕು ಸಾಲಿನ ಜಾಹೀರಾತಿನಲ್ಲಿ ಇದನ್ನು ವಿವರಿಸಲಾಗದು, ಬಾಕಿ ಪ್ರಕರಣಗಳ ಬಗ್ಗೆ ನ್ಯಾಯಮೂರ್ತಿ ಬಾಯಿ ಬಿಡುವಂತೆಯೂ ಇಲ್ಲ. ಈ ಪದ್ಧತಿಯ ದೊಡ್ಡ ಕೊರತೆ ಇಲ್ಲೇ ಇದೆ.

1986ರ ನವೆಂಬರ್ 4ರಂದು ಮೂರರಲ್ಲಿ ಎರಡು ಪಾಲು ಮತದಾರರು ಬೇಡ ಎಂದರು. ಜೊತೆಗೆ ಅದೇ ಕೋರ್ಟಿನ ನ್ಯಾಯಮೂರ್ತಿಗಳಾದ ಕ್ರೂಜ್ ರೆನೋಸೊ, ಜೋಸೆಫ್ ಗ್ರೋಡಿನ್ ಕೂಡ ಸೋತರು. ಹೊಸ ಕೋರ್ಟ್ 1987ರಲ್ಲೇ 1983ರ ತೀರ್ಪನ್ನು ಕೈಬಿಟ್ಟಿತು.

ಪ್ರಶ್ನೆ: ತೀರ್ಪು ತಡವಾದರೆ ಅಲ್ಲಿ ಸಂಬಳ ನಿಲ್ಲುತ್ತದಂತೆ?
– ವಕೀಲರು, ಹಾಸನ

ಉತ್ತರ: ಕ್ಯಾಲಿಫೋರ್ನಿಯಾದಲ್ಲಿ ಹೌದು. ತೀರ್ಪಿಗೆ ಸಲ್ಲಿಕೆಯಾದ ಪ್ರಕರಣ 90 ದಿನ ದಾಟಿ ಬಾಕಿಯಿಲ್ಲ ಎಂದು ಪ್ರಮಾಣಪತ್ರ ಕೊಟ್ಟರೇ ಸಂಬಳ. ಹಾಗಾಗಿ ಮೌಖಿಕ ವಾದಕ್ಕೆ ಮೊದಲೇ ಕರಡು ತೀರ್ಪು ತಯಾರಾಗಿ ಎಲ್ಲ ನ್ಯಾಯಮೂರ್ತಿಗಳ ಕೈ ಸೇರಿರುತ್ತದೆ. ವಾದಕ್ಕೆ ಸಿಗುವುದು ಸಾಮಾನ್ಯವಾಗಿ ಒಂದು ಕಡೆಗೆ 30 ನಿಮಿಷ. ಅಲ್ಲಿನ ವಕೀಲರು ತಮ್ಮ ಬಲವಾದ ಅಂಶಗಳನ್ನೆಲ್ಲ ಲಿಖಿತ ವಾದದಲ್ಲೇ ಹಾಕಿರಬೇಕು.