ಸಜ್ಜುಗೊಳಿಸಿದ ಹಳೆಯ ಪದ್ಮಿನಿ ಕಾರನ್ನು ಕಲಬುರಗಿಯಲ್ಲಿ ದಿನವೂ ಓಡಿಸಬಹುದೇ?

ಓಡಿಸಬಹುದು, ಆದರೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳನ್ನು ಬಿಟ್ಟು. ನಿಂತಲ್ಲೇ ನಿಂತ ಗಾಡಿಯಲ್ಲಿ ಬ್ರೇಕ್ ಸಿಲಿಂಡರಿನ ರಬ್ಬರ್ ಗಟ್ಟಿಯಾಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಅದರ ಜೆಟ್ ಎಂಬ ಸಣ್ಣ ರಂಧ್ರ ಕಟ್ಟಿಕೊಳ್ಳುವುದರಿಂದ, ವಾರಕ್ಕೆರಡು ಬಾರಿಯಾದರೂ ಬೆಳಗಿನ ತಂಪಿನಲ್ಲಿ, ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ (ಶಹಾಬಾದಿಗೆ ಹೋಗಿಬಂದರೆ ಸಾಕು) ಓಡಿಸುವುದೇ ಲೇಸು. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ವಾಹನ ದಟ್ಟಣೆಗೆ ಸಿಲುಕಿದಿರೋ, ಇಂಜಿನ್ನಿಗೆ ಅಂಟಿಕೊಂಡಿರುವ ಯಾಂತ್ರಿಕ ಪಂಪಿನೊಳಗೆ ಪೆಟ್ರೋಲ್ ಆವಿಯಾಗಿ ಗಾಡಿ ಕೆಮ್ಮಿ ನಿಲ್ಲುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯದೆ ಗತಿಯಿಲ್ಲ. ಶೇ 20ರಷ್ಟು ಎಥೆನಾಲ್ ಬೆರೆತ ಈಗಿನ ಪೆಟ್ರೋಲ್ ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆಯಾದ್ದರಿಂದ ಅವನ್ನು ಮೊದಲೇ ಬದಲಿಸಿ. ಆದರೆ 50 ವರ್ಷ ತುಂಬಿದ ಗಾಡಿಯನ್ನು 2021ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸಿದರೆ ದಿನನಿತ್ಯದ ಓಡಾಟಕ್ಕೆ ಅವಕಾಶವಿರುವುದಿಲ್ಲ.