ಮಂದ್ ಗುಡಿಸುವವರನ್ನೂ ಕೇಳಿ

ವಿರಾಜಪೇಟೆ ಕಡೆಯ ಓದುಗರೊಬ್ಬರ ಪತ್ರ: “ಪ್ರತಿ ವರ್ಷ ಹುತ್ತರಿ ಹಬ್ಬಕ್ಕೆ ಮುಂಚೆ ನಾವು ಹುಡುಗರು ಸೇರಿ ಊರಿನ ಮಂದ್‌ನಲ್ಲಿ (ಹಬ್ಬದ ಕೋಲಾಟ ಆಡುವ ಊರ ಬಯಲಿನಲ್ಲಿ) ಕುರುಚಲು ಗಿಡ ಕಡಿದು, ಕಸ ಹೆಕ್ಕುತ್ತೇವೆ. ಈ ಸಲ ಹಿರಿಯರೊಬ್ಬರು, ‘ಇದು ಪಂಚಾಯಿತಿ ಕೆಲಸ, ನೀವು ಮಾಡಿದಷ್ಟೂ ಅವರು ಸುಮ್ನೆ ಕೂರ್ತಾರೆ’ ಎಂದರು. ನಿಲ್ಲಿಸಬೇಕೇ?”

ಉತ್ತರ: ನಿಲ್ಲಿಸಬೇಡಿ. ಹಿರಿಯರ ಮಾತಿನಲ್ಲಿ ಹುರುಳಿದೆ. ತೆರಿಗೆ ಕಟ್ಟಿದವರು ಕೆಲಸ ಕೇಳಲೇಬೇಕು. ಆದರೆ ಮಂದ್ ಪಂಚಾಯಿತಿ ಹುಟ್ಟುವ ಮೊದಲೇ ಇತ್ತು. ಊರಿನವರು ಅಲ್ಲಿ ಕೋಲಾಟ ಆಡಿದ್ದರಿಂದ, ವರ್ಷವರ್ಷವೂ ಹುಲ್ಲು ಸವರಿದ್ದರಿಂದ ಅದು ಉಳಿದಿದೆ.

ಜನರೇ ಹೊಣೆ ಹೊರುವುದು ನಮ್ಮ ಕೊಡಗು ಜಿಲ್ಲೆಗೆ ಹೊಸದೇನಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ 360. ಪ್ರತಿ ಸಲ ಒಂದು ಕುಟುಂಬ ಆ ಹೊಣೆ ಹೊರುತ್ತದೆ. ಇಷ್ಟು ಮಾಡುವ ನಮಗೆ ಒಂದು ಮಂದ್ ನೋಡಿಕೊಳ್ಳುವುದು ಕಷ್ಟವೇ?

ಇಂಗ್ಲೆಂಡಿನ ಕತೆಯೂ ನಿಮಗೆ ಇಷ್ಟವಾಗಬಹುದು. ಅಲ್ಲಿ ಜಮೀನ್ದಾರರು ಊರಿನ ಬಯಲುಗಳಿಗೆ ಬೇಲಿ ಹಾಕುತ್ತಿದ್ದರು. 1865ರಲ್ಲಿ ಕೆಲವರು ಒಂದು ಸಂಘ ಕಟ್ಟಿ ಕೋರ್ಟಿಗೆ ಹೋದರು. ಲಂಡನ್ ಬಡವರ ಮನೆಗಳಿಗಾಗಿ ದುಡಿದ ಆಕ್ಟೇವಿಯಾ ಹಿಲ್ ಕೂಡ ಆ ಹೋರಾಟಕ್ಕೆ ಸೇರಿದರು. ಮುಂದೆ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದ ಮೂವರಲ್ಲಿ ಆಕೆಯೂ ಒಬ್ಬರು. ಇವತ್ತಿಗೂ ಆ ಟ್ರಸ್ಟ್ ಕಾಯುವ ತೋಟ, ಬಯಲು, ಹಳೆಯ ಮನೆಗಳಲ್ಲಿ ಸಾವಿರಾರು ಸ್ವಯಂಸೇವಕರು ದುಡಿಯುತ್ತಾರೆ. ಆ ಹೋರಾಟಗಾರರು ಪೊರಕೆಯನ್ನಷ್ಟೇ ಹಿಡಿಯಲಿಲ್ಲ, ದಾಖಲೆಯನ್ನೂ ಹಿಡಿದರು.

ನಿಮ್ಮ ಮೇಲೆ ನನಗಿರುವ ಸಣ್ಣ ಕೋಪವೂ ಇದೇ. ಹುತ್ತರಿಗೆ ಮಾತ್ರ ಮಂದ್ ನೆನಪಾದರೆ ಉಳಿದ ದಿನಗಳಲ್ಲಿ ಪಕ್ಕದ ತೋಟದ ಬೇಲಿ ಒಳಗೆ ಸರಿಯುತ್ತದೆ. ದೇವರಕಾಡುಗಳಿಗೆ ಆದದ್ದು ಹೀಗೇ ಅಲ್ವಾ? ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ದೇವರ ಭಯ ಇದ್ದರೂ ಎಷ್ಟೋ ಕಡೆ ಕಾಫಿ ಗಿಡ ಒಳಗೆ ನುಗ್ಗಿ ಕಾಡು ಕರಗಿತು. ಆಮೇಲೆ, “ನಾವು ಹುಡುಗರು” ಎಂದಿದ್ದೀರಿ. ಹುಡುಗಿಯರನ್ನು ಯಾಕೆ ಕರೆಯಲಿಲ್ಲ?

ನನ್ನ ದೊಡ್ಡ ಸಂಕಟ ಬೇರೆ. ನೀವು ಗುಡಿಸಿದ ಜಾಗಕ್ಕೆ ಒಂದು ದಿನ “ಅಭಿವೃದ್ಧಿ” ಬರುತ್ತದೆ. ಇಂಟರ್‌ಲಾಕ್ ಟೈಲ್ಸ್, ಕಬ್ಬಿಣದ ಗೇಟು, ಸೆಲ್ಫಿ ಪಾಯಿಂಟ್. ಹುಲ್ಲಿನ ಮೇಲೆ ಆಡಬೇಕಾದ ಕೋಲಾಟವನ್ನು ಟೈಲ್ಸ್ ಮೇಲೆ ಆಡಬೇಕು. ಊರಿನವರನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ಶ್ರಮದಾನಕ್ಕೆ ಮಾತ್ರ ನಾವು ಬೇಕು, ತೀರ್ಮಾನಕ್ಕೆ ಬೇಡ. ಪ್ರವಾಸಿಗರು ಬಿಟ್ಟುಹೋದ ಬಾಟಲಿ ಹೆಕ್ಕುವುದಕ್ಕೂ ನಾವೇ. ಇದನ್ನು ನಾನು ಒಪ್ಪುವುದಿಲ್ಲ. ಯಾರು ಜಾಗ ನೋಡಿಕೊಳ್ಳುತ್ತಾರೋ ಅವರ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ಕಲ್ಲೂ ಕೂರಬಾರದು.

ಹಾಗಾಗಿ ಈ ಸಲ ಕತ್ತಿ ಹಿಡಿಯುವ ಮೊದಲು ಮಂದ್‌ನ ಪಹಣಿ ಮತ್ತು ಸರ್ವೆ ನಕ್ಷೆ ತೆಗೆಸಿ. ಗಡಿ ಗುರುತಿಸಲು ಅರ್ಜಿ ಕೊಡಿ. ಪಂಜಾಬಿನ ಒಂದು ಊರ ಕೆರೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಊರಿನ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿದೆ. ಆ ತೀರ್ಪಿನ ಪ್ರತಿಯನ್ನೂ ಅರ್ಜಿಗೆ ಲಗತ್ತಿಸಿ. ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ಬರೆಸಿ. ಆ ಹಿರಿಯರನ್ನೂ ಕರೆದುಕೊಂಡು ಹೋಗಿ. ಹಳೆಯ ಗಡಿ ಎಲ್ಲಿತ್ತು ಎಂದು ತೋರಿಸಲು ಅವರೇ ಬೇಕು.