ಜೋಯಾದ ಎರಡನೆಯ ಬೆಳೆ

ತಮ್ಮಾ,

ಇಟಲಿಯ ಜೋಯಾ ದೆಲ್ ಕೊಲ್ಲೆ ಎಂಬ ಈ ಊರಿನ ದ್ರಾಕ್ಷಿ ತೋಟವೊಂದರಲ್ಲಿ ಕೆಲಸ ಸಿಕ್ಕಿದೆಯೆಂದು ಬರೆದು, ಅಲ್ಲಿ ಚಳಿ ಹೇಗೆ, ಊಟಕ್ಕೇನು, ಕತ್ತರಿ ತರಬೇಕೇ, ತಿಕೋಟಾದಲ್ಲಿ ಕಲಿತ ಚಾಟನಿ, ಅಂದರೆ ಬಳ್ಳಿ ಸವರುವ ಕೆಲಸ, ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀಯ. ಚಳಿಗೆ ದಪ್ಪ ಸ್ವೆಟರ್ ಇರಲಿ. ಊಟಕ್ಕೆ ಹತ್ತಿರದ ಅಲ್ತಮೂರಾ ಊರಿನ ಬ್ರೆಡ್, ಕಡಲೆ, ಸೊಪ್ಪು ಸಿಗುತ್ತವೆ. ಜೋಳದ ರೊಟ್ಟಿಯ ಆಸೆ ಬಿಟ್ಟು ಬಾ. ವೈನಿನ ಕೆಲಸವೆಂದು ಮನೆಯಲ್ಲಿ ಹೇಗೆ ಹೇಳುವುದೆಂಬುದು ನಿನಗೇ ಗೊತ್ತು. ನಮ್ಮ ಅವ್ವನ ಲೆಕ್ಕದಲ್ಲಿ ನಾನು ಇಂದಿಗೂ ದ್ರಾಕ್ಷಿ ತೋಟದಲ್ಲಿದ್ದೇನೆ, ಅಷ್ಟೇ.

ಮುರ್ಜಾ ಎಂಬ ಈ ಸುಣ್ಣಕಲ್ಲಿನ ಪ್ರಸ್ಥಭೂಮಿಯನ್ನು ಇಲ್ಲಿಯವರು ಎತ್ತರದ ಸೀಮೆ ಎನ್ನುತ್ತಾರೆ. ಜೋಯಾ ಇರುವುದು ಸುಮಾರು 360 ಮೀಟರ್ ಎತ್ತರದಲ್ಲಿ. ನಮ್ಮ ವಿಜಯಪುರವೇ ಇದಕ್ಕಿಂತ ಮೇಲಿದೆಯೆಂದು ಬಂದ ಹೊಸದರಲ್ಲಿ ನಕ್ಕಿದ್ದೆ. ಆದರೆ ಬಿದ್ದ ಮಳೆಯೆಲ್ಲ ಬಂಡೆಯ ಬಿರುಕುಗಳಲ್ಲಿ ಇಂಗಿಹೋಗುವ, ತೆಳುವಾದ ಕೆಂಪು ಮಣ್ಣಿನ ಈ ನೆಲದಲ್ಲಿ ಬೇಸಿಗೆಯ ರಾತ್ರಿಗಳು ತಂಪಾಗುವುದರಿಂದ, ಹಣ್ಣಿಗೆ ಸಿಹಿ ಏರಿದರೂ ಹುಳಿ ಉಳಿಯುತ್ತದೆ. ನಾವು ಬೆಳೆಯುವ ಕಪ್ಪು ದ್ರಾಕ್ಷಿಯ ಹೆಸರು ಪ್ರಿಮಿತೀವೋ. ತಗ್ಗಿನ ಮಂದೂರಿಯಾ ಊರಿನ ಪ್ರಿಮಿತೀವೋ ವೈನಿಗಿಂತ ನಮ್ಮದು ಬಿಗಿ ಎನ್ನುವುದರಲ್ಲಿ ನನ್ನ ಅಭಿಮಾನವೂ ಸ್ವಲ್ಪ ಸೇರಿದೆ.

ಚಾಟನಿಯ ವಿಷಯಕ್ಕೆ ಬರುತ್ತೇನೆ. ಪ್ರಿಮಿತೀವೋ ಎಂದರೆ ಮೊದಲು ಮಾಗುವುದು. 18ನೆಯ ಶತಮಾನದ ಕೊನೆಗೆ ಇಂದೆಲ್ಲಿಕಾತಿ ಎಂಬ ಪಾದ್ರಿ ಇದೇ ಊರಿನಲ್ಲಿ ಬೇಗ ಹಣ್ಣಾಗುವ ಬಳ್ಳಿಗಳನ್ನು ಆರಿಸಿ ಬೆಳೆಸಿದರು. ಈ ಬಳ್ಳಿಯ ಪಕ್ಕದ ಕುಡಿಗಳು ತಡವಾಗಿ ಸಣ್ಣ ಗೊಂಚಲು ಬಿಡುತ್ತವೆ. ಅದಕ್ಕೆ ರಾಚೇಮಿ ಎನ್ನುತ್ತಾರೆ. ಮೊದಲ ಕೊಯ್ಲಾದ ಕೆಲವು ವಾರಗಳ ಮೇಲೆ ಅದರದೇ ಕೊಯ್ಲು. ನನಗೆ ಇದು ತಿಳಿದಿರಲಿಲ್ಲ. ಪಕ್ಕದ ಕುಡಿ ಬರೀ ನೆರಳು ಮಾಡುತ್ತದೆ, ಚಿವುಟು ಎಂದು ಅಪ್ಪ ನಮ್ಮ ಚಪ್ಪರದ ಕೆಳಗೆ ಕಲಿಸಿದ್ದನ್ನು ಈ ಸೊಂಟದೆತ್ತರದ ಬಳ್ಳಿಗಳಿಗೂ ಅನ್ವಯಿಸಿ, ಯಾರೂ ಹೇಳದಿದ್ದರೂ ನಾಲ್ಕು ಸಾಲುಗಳನ್ನು ಒಂದೇ ದಿನದಲ್ಲಿ ಹೆಬ್ಬೆರಳಿನಿಂದ ಬೋಳಿಸಿ, ಹೊಗಳಿಕೆಗಾಗಿ ಕಾದು ನಿಂತೆ. ಸಂಜೆ ಬಂದ ಮುದುಕ ಯಜಮಾನರು ಗುಡ್ಡೆಯಿಂದ ಒಂದು ಕುಡಿಯನ್ನೆತ್ತಿ, ಅದರಲ್ಲಿದ್ದ ಸಾಸಿವೆಯಷ್ಟು ಸಣ್ಣ ಮೊಗ್ಗುಗಳನ್ನು ನೋಡಿ, ಕೋಟಿನ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಆ ಎರಡನೆಯ ಬೆಳೆಯಿಂದಲೇ ಅವರು ಮನೆಗಾಗಿ ಒಂದು ಪೀಪಾಯಿ ವೈನ್ ಮಾಡುತ್ತಿದ್ದರೆಂದು ತಿಳಿದದ್ದು, ಅಕ್ಟೋಬರಿನಲ್ಲಿ ನಮ್ಮ ಸಾಲುಗಳಿಗೆ ಬುಟ್ಟಿ ಬಾರದಿದ್ದಾಗ. ನನ್ನ ಸಂಬಳದಲ್ಲಿ ಅವರು ಏನನ್ನೂ ಮುರಿದುಕೊಳ್ಳಲಿಲ್ಲ. ಕ್ಷಮೆ ಕೇಳುವಷ್ಟು ಇಟಾಲಿಯನ್ ನನಗೆ ಬರುವ ಹೊತ್ತಿಗೆ ಅವರು ಇರಲಿಲ್ಲ.

ಕತ್ತರಿ ತರಬೇಡ, ಇಲ್ಲಿಯೇ ಕೊಡುತ್ತಾರೆ. ಕೊಟ್ಟ ದಿನವೇ ಅದನ್ನು ಬಳಸಲು ಹೋಗಬೇಡ.